ನೀಲಕ್ಕನ ಮುರಿಯದ ಕಾಲು

ಆಬರ್ನ್ ಹಿಲ್ಸ್
9 ಮಾರ್ಚ್ 1999

ಪ್ರೀತಿಯ ಬದ್ರೂ,

ಪ್ರತಿ ಭಾನುವಾರ ಫೋನಿನಲ್ಲಿ ತಾಸುಗಟ್ಟಲೆ ಹರಟುವವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಈ ಮನೆಯಲ್ಲಿ ಮೂರು ಫೋನುಗಳಿವೆ. ಒಂದರಲ್ಲಿ ನಾನು ಮಾತಾಡುತ್ತಿದ್ದರೆ ಇನ್ನೊಂದನ್ನು ಯಾರು ಎತ್ತಿಕೊಳ್ಳುತ್ತಾರೆ ಹೇಳಲಾಗದು. ಸವಣೂರಿನ ನಮ್ಮ ಓಣಿಯಲ್ಲಿ ಗೋಡೆಗೆ ಬರೀ ಕಿವಿ ಇದ್ದವು, ಇಲ್ಲಿ ಫೋನೂ ಇವೆ.

ಸುತ್ತಿಬಳಸುವುದಿಲ್ಲ. ಎಡಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿದೆ. ಸೂಜಿ ಚುಚ್ಚಿ ನೋಡಿದರು. ಕ್ಯಾನ್ಸರ್. ಸಣ್ಣದಿದೆ, ಬೇಗ ಸಿಕ್ಕಿದೆ, ಗಂಟಷ್ಟನ್ನೇ ತೆಗೆದು ಆಮೇಲೆ ಆರು ವಾರ ರೇಡಿಯೇಶನ್ ಕೊಟ್ಟರೆ ಸಾಕಾಗಬಹುದು ಎನ್ನುತ್ತಾರೆ. ಇದೇ 24ಕ್ಕೆ ಆಪರೇಶನ್. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದಂತೆ.

ಇವರಿಗೆ ಹೇಳಿಲ್ಲ. ಮಗಳಿಗೂ ಹೇಳಿಲ್ಲ. ನೇಪರ್‌ವಿಲ್‌ನ ಅನುಸೂಯಮ್ಮನ ಮಗ ಕಲ್ಮೇಶನಿಗೆ ಶಾಂಭವಿಯನ್ನು ಕೇಳಿದ್ದಾರಲ್ಲ, ಜೂನ್ ಕೊನೆಗೆ ನಿಶ್ಚಯ. ನಮ್ಮ ಸೋದರತ್ತೆ ಇದೇ ರೋಗದಲ್ಲಿ ಹೋದಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳನ್ನು ಎಷ್ಟೋ ವರ್ಷ ಯಾರೂ ಕೇಳಲಿಲ್ಲ, ನಿನಗೆ ನೆನಪಿರಬೇಕು. ‘ಆ ಮನೆತನದ ಹೆಣ್ಣು’ ಎನ್ನುವ ಮಾತು ಒಮ್ಮೆ ಎದ್ದರೆ ಮುಗಿಯಿತು. ಇವರಿಗೆ ಹೇಳಬಹುದಿತ್ತು. ಆದರೆ ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬಾಯಿ ಬಿಡದಿದ್ದರೂ ಮುಖದ ಮೇಲೆ ಬಂದುಬಿಡುತ್ತದೆ. ನಿಶ್ಚಯ ಆಗಲಿ, ಆಮೇಲೆ ಹೇಳುತ್ತೇನೆ. 20ರಿಂದ ಎರಡು ವಾರ ಇವರು ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋಗುತ್ತಾರೆ. ಶಾಂಭವಿ ಆ್ಯನ್ ಆರ್ಬರ್‌ನಲ್ಲಿ ಕೆಲಸ ಮಾಡುತ್ತಾ ಅಲ್ಲೇ ಇರುತ್ತಾಳೆ, ಶನಿವಾರವಷ್ಟೇ ಬರುತ್ತಾಳೆ. ಆಸ್ಪತ್ರೆಯವರು ನನ್ನನ್ನು ಕೇಳದೆ ಗಂಡನಿಗೂ ಹೇಳುವುದಿಲ್ಲವೆಂದು ಬರೆದೇ ಕೊಟ್ಟಿದ್ದಾರೆ. ಎಂಥ ಒಳ್ಳೆಯ ಪದ್ಧತಿ ನೋಡು.

ಈಗ ನಿನ್ನಿಂದ ಆಗಬೇಕಾದ ಕೆಲಸ. ನನ್ನ ಕೊರಳಲ್ಲಿರುವ ಲಿಂಗ ನಿನಗೆ ಗೊತ್ತು. ಹುಟ್ಟಿದ ಹನ್ನೆರಡನೆಯ ದಿನ ಕಟ್ಟಿದ್ದು. ಆಪರೇಶನ್ ಕೋಣೆಗೆ ಮೈಮೇಲೆ ಏನೂ ಇರಬಾರದಂತೆ. ನರ್ಸು ಒಂದು ಪ್ಲಾಸ್ಟಿಕ್ ಚೀಲ ತೋರಿಸಿ, ಬಟ್ಟೆ, ಬಳೆ, ಚಪ್ಪಲಿ ಎಲ್ಲ ಇದರಲ್ಲಿ ಹಾಕಿ ಹೆಸರು ಬರೆದಿಡುತ್ತೇವೆ ಅಂದಳು. ಚಪ್ಪಲಿಯ ಜೊತೆ! ಅದು ನೆಲಕ್ಕೆ ತಾಗಬಾರದು, ಮೈ ಬಿಟ್ಟು ಇರಬಾರದು. ಅಷ್ಟು ಹೊತ್ತು ಅದನ್ನು ನಂಬಿ ಯಾರ ಕೈಯಲ್ಲಿ ಕೊಡಲಿ? ಯೋಚಿಸಿದರೆ ನಿನ್ನ ಕೈ ಬಿಟ್ಟು ಬೇರೆ ಕೈ ಕಾಣಲಿಲ್ಲ. ಬರುತ್ತೀಯಾ?

ನಿನ್ನ,
ನೀಲಾ


ಸ್ಕೋಕಿ
13 ಮಾರ್ಚ್ 1999

ಏ ಹುಚ್ಚಿ,

ಬರುತ್ತೇನೆ. 22ರ ಟ್ರೇನಿಗೆ ಹೊರಟು ಪಾಂಟಿಯಾಕ್‌ನಲ್ಲಿ ಇಳಿಯುತ್ತೇನೆ. ನಿಲ್ದಾಣಕ್ಕೆ ಬಾ.

ನಿನ್ನ ಕಾಗದವನ್ನು ಅಂಗಡಿಯ ಟ್ರಯಲ್ ರೂಮಿನಲ್ಲಿ ಪರದೆ ಎಳೆದುಕೊಂಡು ಓದಿದೆ. ಹೊರಗೆ ಒಬ್ಬಳು ಪ್ಯಾಂಟು ಹಿಡಿದು ಕಾಯುತ್ತಿದ್ದಳು. ಕಣ್ಣು ಒರೆಸಿಕೊಂಡು ಬಂದು ಅವಳ ಪ್ಯಾಂಟನ್ನು ಎರಡು ಇಂಚು ಹೆಚ್ಚಿಗೆ ಕತ್ತರಿಸಿಬಿಟ್ಟೆ. ಅದು ನಿನ್ನ ಪಾಪ, ನನ್ನದಲ್ಲ.

ಇವರಿಗೆ ಏನು ಹೇಳುವುದು? ಇಪ್ಪತ್ತಾರು ವರ್ಷದಲ್ಲಿ ದಸ್ತಗೀರ್ ಸಾಹೇಬರಿಗೆ ನಾನು ಸುಳ್ಳು ಹೇಳಿದ್ದು ಸೀರೆಯ ಬೆಲೆಯ ವಿಷಯದಲ್ಲಿ ಮಾತ್ರ. ಬಾಯಿಗೆ ಬಂದದ್ದನ್ನು ಹೇಳಿದೆ: “ನೀಲಾ ಹಿಮದಾಗ ಜಾರಿ ಬಿದ್ದು ಕಾಲು ಮುರಕೊಂಡಾಳ.”

ಹೊಲಿಗೆ ಮಷೀನು ನಿಲ್ಲಿಸಿಬಿಟ್ಟರು. “ನೀಲಕ್ಕನ ಕಾಲೇನು? ಯಾವ ಕಾಲು?”

ಯಾವ ಕಾಲು ಎಂದು ಯೋಚಿಸಿಯೇ ಇರಲಿಲ್ಲ. ಎಡಗಾಲು ಅಂದೆ. ನೀನೂ ನೆನಪಿಟ್ಟುಕೋ, ಎಡಗಾಲು. ಸಂಜೆ ಹೋಗಿ ಎಲುಬಿಗೆ ಹಚ್ಚುವ ಎಣ್ಣೆ ತಂದಿದ್ದಾರೆ. ಎರಡು ಬಾಟಲಿ.

ನೀಲಾ, ನೀನು ಮಾಡುತ್ತಿರುವುದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ. ಬಂದಮೇಲೆ ಜಗಳಾಡುತ್ತೇನೆ. ಸದ್ಯಕ್ಕೆ ಧೈರ್ಯವಾಗಿರು.

ನಿನ್ನ,
ಬದ್ರು


ಸ್ಕೋಕಿ
2 ಏಪ್ರಿಲ್ 1999

ಪ್ರೀತಿಯ ನೀಲಾ,

ಗಾಯ ಒಣಗುತ್ತಿದೆಯೇ? ಇಂದು ರೇವಣಪ್ಪಣ್ಣ ಜರ್ಮನಿಯಿಂದ ಬಂದಿರಬೇಕು. ಭುಜ ಹಿಡಿದುಕೊಂಡಿದೆ ಎಂದು ಹೇಳುತ್ತೇನೆ ಅಂದಿದ್ದೆ, ಹೇಳಿದೆಯಾ? ನಂಬಿದರೇ?

ಅಲ್ಲಿ ನಾಲ್ಕು ದಿನ ನಿನ್ನ ಜೊತೆಗಿದ್ದೂ ಒಂದು ವಿಷಯ ಹೇಳದೆ ಬಂದೆ. ನಿನಗೆ ಅರಿವಳಿಕೆಯ ಮಂಪರು ಇಳಿಯಲಿ ಎಂದು ಒಂದು ದಿನ ಬಿಟ್ಟೆ, ಆಮೇಲೆ ಬಾಯಿ ಬರಲಿಲ್ಲ.

ನಿನ್ನನ್ನು ಒಳಗೆ ಕರೆದುಕೊಂಡು ಹೋದಮೇಲೆ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಒಂದು ತಾಸಾಯಿತು. ಕೈ ಬೆವರತೊಡಗಿತು. ಅಷ್ಟರಲ್ಲಿ ಒಬ್ಬಳು ಬಂದು ಯಾವುದೋ ಫಾರ್ಮು ತುಂಬಿಕೊಡು ಅಂದಳು. ಎಲ್ಲಿ ಇಡಲಿ? ಕುರ್ಚಿಯ ಮೇಲೆ ಇಡುವ ವಸ್ತುವಲ್ಲ. ಕೈಚೀಲದಲ್ಲಿ ಹಾಕೋಣವೆಂದರೆ ಆ ಚೀಲವನ್ನು ಟ್ರೇನಿನ ನೆಲದ ಮೇಲೆ ಇಟ್ಟಿದ್ದೆ. ನೀನೋ ಕಾಗದದಲ್ಲಿಯೂ ಬರೆದಿದ್ದೆ, ಒಳಗೆ ಹೋಗುವಾಗಲೂ ಹೇಳಿದ್ದೆ, ಮೈ ಬಿಟ್ಟು ಇರಬಾರದು ಎಂದು. ಮೈ ಎಂದರೆ ಮೈ ಎಂದುಕೊಂಡು ಶಿವದಾರವನ್ನು ನನ್ನ ಕೊರಳಿಗೆ ಹಾಕಿಕೊಂಡೆ. ಕುಪ್ಪಸದ ಒಳಗೆ ಇಳಿಬಿಟ್ಟು ಓಢಣಿ ಹೊದ್ದೆ.

ಇಷ್ಟೇ ಆಗಿದ್ದರೆ ಅದೊಂದು ಮಾತು. ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ನಿನ್ನ ಸುದ್ದಿ ಇನ್ನೂ ಬಂದಿರಲಿಲ್ಲ. ಮೂಲೆಯಲ್ಲಿ ಕುರ್ಚಿಗಳ ಹಿಂದೆ ಶಾಲು ಹಾಸಿ ನಿಂತೆ. ಸಜ್ದಾಕ್ಕೆ ಬಾಗಿದಾಗ ಕರಡಿಗೆ ಜಾರಿ ಗಂಟಲಿಗೆ ತಾಗಿತು. ಆವಾಗ ನೆನಪಾಯಿತು, ನಾನು ಏನನ್ನು ಕಟ್ಟಿಕೊಂಡು ಎಲ್ಲಿ ತಲೆಬಾಗಿದ್ದೇನೆ ಎಂದು. ಆದರೆ ನಮಾಜು ಮುರಿಯಲಿಲ್ಲ. ಪೂರ್ತಿ ಮುಗಿಸಿ, ನಿನ್ನ ಹೆಸರು ಹೇಳಿ ದುವಾ ಕೇಳಿದೆ.

ನನ್ನ ನಮಾಜು ಸಂದಿತೋ ಇಲ್ಲವೋ ಗೊತ್ತಿಲ್ಲ. ನಿನ್ನ ಲಿಂಗಕ್ಕೆ ಮೈಲಿಗೆಯಾಯಿತೋ ಏನೋ, ಅದೂ ಗೊತ್ತಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಯಾರನ್ನು ಕೇಳಲಿ, ಏನೆಂದು ಕೇಳಲಿ? ಬೈಯುವುದಿದ್ದರೆ ಬೈ, ಆದರೆ ಒಂದು ಸಾಲು ಬರೆ.

ನಿನ್ನ,
ಬದ್ರು


ಸ್ಕೋಕಿ
28 ಏಪ್ರಿಲ್ 1999

ನೀಲಾ,

ಮೂರೂವರೆ ವಾರವಾಯಿತು, ನಿನ್ನ ಕಾಗದವಿಲ್ಲ. ಭಾನುವಾರ ಫೋನ್ ಮಾಡಿದರೆ “ಆರಾಮ ಇದ್ದೀನಿ, ಕುಕ್ಕರ್ ಕೂಗ್ತದ, ಇಡ್ತೀನಿ” ಅನ್ನುತ್ತೀ. ನಿಮ್ಮ ಕುಕ್ಕರು ಭಾನುವಾರ ನಾಲ್ಕು ಗಂಟೆಗೇ ಸರಿಯಾಗಿ ಕೂಗುತ್ತದೆಯೇ? ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಅನ್ನು.

ನೀನು ಮಾತಾಡದಿದ್ದರೂ ಇದನ್ನು ನಿನಗೆ ತಿಳಿಸಲೇಬೇಕು. ನಿನ್ನೆ ಅನುಸೂಯಮ್ಮ ಅಂಗಡಿಗೆ ಬಂದಿದ್ದಳು. ನಿಶ್ಚಯಕ್ಕೆ ಉಡುವ ಸೀರೆಯ ಬ್ಲೌಸು ಬಿಗಿಯಾಗಿದೆಯಂತೆ. ನೇಪರ್‌ವಿಲ್‌ನಿಂದ ನಲವತ್ತು ಮೈಲಿ ಡ್ರೈವ್ ಮಾಡಿಕೊಂಡು ಬ್ಲೌಸಿಗಾಗಿ ಯಾರೂ ಬರುವುದಿಲ್ಲ. ಅಳತೆ ಹಿಡಿಯುವಾಗ ಮೆಲ್ಲಗೆ ಕೇಳಿದಳು:

“ನೀವು ಮತ್ತ ನೀಲಗಂಗಾ ಒಂದ ಓಣಿಯವ್ರಲ್ಲಾ. ಅವರ ಮನಿತನದಾಗ ಬ್ಯಾನಿ ಗೀನಿ ಏನರೆ ಅದಾವೇನ್ರಿ? ಹೆಣ್ಣು ತರೂದಂದ್ರ ಕೇಳಬೇಕಾಗ್ತದ, ತಪ್ಪು ತಿಳೀಬ್ಯಾಡ್ರಿ.”

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಸಾಹೇಬರು ಮಷೀನಿನ ಹಿಂದಿನಿಂದ, “ಬ್ಯಾನಿ ಏನಿಲ್ರಿ. ಕಾಲು ಮುರದದ ಅಷ್ಟ. ಎಡಗಾಲು” ಅಂದುಬಿಟ್ಟರು.

“ಅಯ್ಯ, ನನಗ ಹೇಳೇ ಇಲ್ಲ ಆಕಿ!” ಎಂದು ಅನುಸೂಯಮ್ಮ ನನ್ನ ಮುಖ ನೋಡಿದಳು. ನಾನು ಅಳತೆಯ ಟೇಪು ನೋಡಿದೆ. “ಹೌದ್ರಿ, ಬಾಕಿ ಎಲ್ಲಾ ಗಟ್ಟಿಮುಟ್ಟಿ ಅದಾಳ” ಅಂದೆ. ನಿಶ್ಚಯಕ್ಕೆ ಬಂದಾಗ ಸ್ವಲ್ಪ ಕುಂಟಿ ನಡೆ. ನಗಬೇಡ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಅಬ್ಬಾ ಹೇಳುತ್ತಿದ್ದರು. ಅವರು ಹೇಳುತ್ತಿದ್ದುದು ದಾನಕ್ಕೆ. ನೋವಿಗೂ ಆ ಮಾತು ಸಲ್ಲುತ್ತದೆಯೇ ನೀಲಾ? ಒಳ್ಳೆಯದನ್ನು ಮರೆಯಲ್ಲಿ ಮಾಡಿದರೆ ಪುಣ್ಯ, ಕೆಟ್ಟದ್ದನ್ನು ಮರೆಯಲ್ಲಿ ಮಾಡಿದರೆ ಕಳ್ಳತನ. ನಾವಿಬ್ಬರೂ ಮಾಡುತ್ತಿರುವುದು ಯಾವುದು?

ಬದ್ರು


ಆಬರ್ನ್ ಹಿಲ್ಸ್
10 ಮೇ 1999

ಪ್ರೀತಿಯ ಬದ್ರೂ,

ಸಿಟ್ಟಲ್ಲ. ಸಿಟ್ಟು ಬಂದಿದ್ದರೆ ಅಂದೇ ಬರೆಯುತ್ತಿದ್ದೆ. ಏನು ಬಂದಿದೆ ಎಂದೇ ತಿಳಿಯದೆ ಸುಮ್ಮನಿದ್ದೆ.

ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳುವುದಿಲ್ಲ ಬದ್ರೂ. ಗಂಡ ಹೆಂಡತಿಯದನ್ನೂ ಕಟ್ಟಿಕೊಳ್ಳುವುದಿಲ್ಲ. ನಾನು ‘ಮೈ’ ಅಂದದ್ದು ನನ್ನ ಮೈ. ಅದನ್ನು ಬಿಡಿಸಿ ಹೇಳಬೇಕು ಎಂದೇ ಹೊಳೆದಿರಲಿಲ್ಲ, ನಮ್ಮಲ್ಲಿ ಯಾರಿಗೂ ಹೇಳಬೇಕಾಗಿ ಬರುವುದಿಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಶಿವಬಸಪ್ಪನವರು ಇಂಥದ್ದನ್ನೆಲ್ಲ ತಿಳಿದವರು. ಊರಲ್ಲಿ ಯಾರಿಗೋ ಹೀಗಾಯಿತಂತೆ ಎಂದು ಕಥೆ ಕಟ್ಟಿ ಕೇಳಿದೆ. ಮೊದಲು “ಹಂಗಾದ್ರ ಹೊಸಾದು ಕಟ್ಟಿಸಿಕೋಬೇಕವ್ವ” ಅಂದರು. ಆಮೇಲೆ, “ಕಟ್ಟಿಕೊಂಡಾಕಿ ಭಕ್ತಿಲೆ ಕಟ್ಟಿಕೊಂಡಿದ್ರ ಏನ್ ಹೇಳೂದು, ನನಗೂ ತಿಳೀವಲ್ದು” ಅಂದರು. ಹೊಸದು ಕಟ್ಟಿಸಿಕೊಳ್ಳಬೇಕೆಂದರೆ ಹಳೆಯದಕ್ಕೆ ಏನಾಯಿತೆಂದು ಹೇಳಬೇಕು. ಹೇಳಿದರೆ ಆಸ್ಪತ್ರೆಯ ಬಾಗಿಲೇ ತೆರೆದಂತೆ. ಹಾಗಾಗಿ ಅದನ್ನೇ ಕಟ್ಟಿಕೊಂಡಿದ್ದೇನೆ. ಬೆಳಿಗ್ಗೆ ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ನಿನ್ನ ಮುಖ ಬರುತ್ತದೆ. ಪೂಜೆ ಕೆಟ್ಟಿತೋ, ಆಯಿತೋ ತಿಳಿಯದೆ ಏಳುತ್ತೇನೆ.

ಪೂಜೆಗೆ ನಾನು ಬಾಗಿಲು ಹಾಕಿಕೊಂಡು ಕೂಡುತ್ತೇನೆ. ಮನೆಯವರಿಗೆಲ್ಲ ಗೊತ್ತು, ಯಾರೂ ತೆಗೆಯುವುದಿಲ್ಲ. ಒಳಗೆ ಹಾಯಾಗಿರುತ್ತದೆ. ಈಗ ಡ್ರೆಸಿಂಗ್ ಬದಲಿಸಲಿಕ್ಕೂ ಅದೇ ಬಾಗಿಲು ಹಾಕುತ್ತೇನೆ. ಅದೇ ಕೋಣೆ, ಅದೇ ಚಿಲಕ, ಆದರೆ ಹೊರಗೆ ಹೆಜ್ಜೆ ಸಪ್ಪಳವಾದರೆ ಜೀವ ಹಾರುತ್ತದೆ.

ರೇಡಿಯೇಶನ್‌ಗೆ ದಿನಾ ಮಧ್ಯಾಹ್ನ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಇವರಿಗೆ ಕಂಪ್ಯೂಟರ್ ಕ್ಲಾಸ್ ಎಂದು ಹೇಳಿದ್ದೇನೆ. “ಛಲೋ ಆತು, ಕಲಿ” ಅಂದರು. ಎರಡನೆಯ ಮಾತು ಕೇಳಲಿಲ್ಲ. ನಾನು ಮುಚ್ಚಿಟ್ಟಿರುವುದು ಹೊರಗೆ ಬೀಳಬಾರದೆಂದು ಇಷ್ಟು ಒದ್ದಾಡುತ್ತೇನೆ. ಅವರು ಕೇಳದಿದ್ದರೆ ಅಳು ಬರುತ್ತದೆ. ಇದಕ್ಕೆ ಏನು ಹೇಳುತ್ತೀ?

ಬೇಗ ಸುಸ್ತಾಗುತ್ತದೆ. ಚರ್ಮ ಸುಟ್ಟ ಹಾಗಾಗಿದೆ. ಯಾರಿಗೂ ಹೇಳಬೇಡ.

ನಿನ್ನ,
ನೀಲಾ


ಆಬರ್ನ್ ಹಿಲ್ಸ್
22 ಮೇ 1999

ತಂಗಿ ಬದ್ರುನ್ನೀಸಾ ಅವರಿಗೆ,

ನೀಲಗಂಗಾಳ ಗಂಡ ರೇವಣಪ್ಪ ಮಾಡುವ ನಮಸ್ಕಾರಗಳು. ನಿಮಗೆ ನಾನು ಹಿಂದೆಂದೂ ಕಾಗದ ಬರೆದವನಲ್ಲ. ಈ ಕಾಗದ ಬಂದದ್ದು ನೀಲಗಂಗಾಳಿಗೆ ತಿಳಿಯಬಾರದು ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನನಗೆ ಎಲ್ಲ ಗೊತ್ತಿದೆ. ಇನ್ಶೂರೆನ್ಸ್ ನನ್ನ ಕಂಪನಿಯದು. ಆಸ್ಪತ್ರೆಯವರು ಬಾಯಿ ಬಿಡದಿದ್ದರೂ ಇನ್ಶೂರೆನ್ಸ್‌ನವರು ಏನೇನು ಮಾಡಿದರೆಂದು ಸಾಲಾಗಿ ಬರೆದು ನನ್ನ ಹೆಸರಿಗೇ ಕಳಿಸುತ್ತಾರೆ. ಮನೆಗೆ ಬರುವ ಇಂಥ ಕವರುಗಳನ್ನು ಅವಳು ಎಂದೂ ಒಡೆದವಳಲ್ಲ. ನನ್ನ ಮೇಜಿನ ಮೇಲೆ ಅಂದವಾಗಿ ಜೋಡಿಸಿಡುತ್ತಾಳೆ. ಜರ್ಮನಿಯಿಂದ ಬಂದ ಮೂರನೆಯ ವಾರ ಅವಳೇ ಇಟ್ಟಿದ್ದ ಕವರು ಒಡೆದೆ. ಓದಿ ಗ್ಯಾರೇಜಿಗೆ ಹೋಗಿ ಕೂತೆ. ಅವಳು ಊಟಕ್ಕೆ ಕರೆದಳು. ಹೋಗಿ ಉಂಡೆ.

ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ಹೇಳಬೇಕೆಂದಿದ್ದರೆ ಅವಳೇ ಹೇಳುತ್ತಿದ್ದಳು. ಮಗಳ ಸಲುವಾಗಿ ಮುಚ್ಚಿಟ್ಟಿದ್ದಾಳೆ ಎಂದು ಊಹಿಸಬಲ್ಲೆ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ನಾನು ಒಂದು ಮಾತಿನಿಂದ ಕೆಡವಿದರೆ ಅವಳಿಗೆ ಏನು ಉಳಿಯುತ್ತದೆ? ಹೀಗೆ ಯೋಚಿಸುತ್ತೇನೆ. ಮರುದಿನ, ಇದೆಲ್ಲ ನನ್ನ ಹೇಡಿತನಕ್ಕೆ ಹಾಕಿದ ಮುಸುಕು ಎನ್ನಿಸುತ್ತದೆ. ಭುಜ ನೋವು ಎಂದಳು. ಬಿಸಿ ಶಾಖ ಕೊಡುವ ಪ್ಯಾಡು ತಂದುಕೊಟ್ಟೆ. ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೆಂದು ನೋಡುವ ಧೈರ್ಯವಿಲ್ಲದೆ ಬೇರೆ ಕಡೆ ತಿರುಗಿದೆ.

ದಿನಾ ಮಧ್ಯಾಹ್ನ ಲಂಚಿನ ಹೊತ್ತಿಗೆ ಆಫೀಸಿನಿಂದ ಆಸ್ಪತ್ರೆಗೆ ಹೋಗುತ್ತೇನೆ. ಪಾರ್ಕಿಂಗ್‌ನಲ್ಲಿ ಅವಳ ಕಾರಿನಿಂದ ಮೂರು ಸಾಲು ಹಿಂದೆ ನನ್ನ ಕಾರು ನಿಲ್ಲಿಸಿ ಕೂತಿರುತ್ತೇನೆ. ಅವಳು ಹೊರಗೆ ಬಂದು, ಕಾರಿನಲ್ಲಿ ಸ್ವಲ್ಪ ಹೊತ್ತು ಸ್ಟಿಯರಿಂಗಿಗೆ ಹಣೆ ಆನಿಸಿ ಕೂತು, ಆಮೇಲೆ ಹೊರಡುತ್ತಾಳೆ. ಸೀಟ್ ಬೆಲ್ಟ್ ಎಳೆಯಲು ಎಡಗೈ ಏಳುವುದಿಲ್ಲ, ಬಲಗೈಯಿಂದ ಎಳೆದುಕೊಳ್ಳುತ್ತಾಳೆ. ಅವಳು ಹೈವೇಯಿಂದ ನಮ್ಮ ಎಕ್ಸಿಟ್‌ನಲ್ಲಿ ಇಳಿಯುವ ತನಕ ಹಿಂದೆ ಹೋಗಿ ನಾನು ಆಫೀಸಿಗೆ ತಿರುಗುತ್ತೇನೆ.

ಮಾರ್ಚಿನಲ್ಲಿ ನೀವು ಬಂದಿದ್ದಿರಿ ಎಂದು ಶಾಂಭವಿ ಮಾತಿಗೆ ಮಾತು ಬಂದು ಹೇಳಿದಳು. ನೀಲಗಂಗಾ ನಿಮಗೆ ಬರೆಯುತ್ತಿರಬೇಕು. ಒಂದನ್ನು ಮಾತ್ರ ತಿಳಿಸಿ, ಸಾಕು. ಅವಳಿಗೆ ಹೆದರಿಕೆಯಾಗುತ್ತಿದೆಯೇ? ಉತ್ತರವನ್ನು ಆಫೀಸಿನ ವಿಳಾಸಕ್ಕೆ ಬರೆಯಿರಿ. ಈ ಕಾಗದವನ್ನು ಹರಿದುಹಾಕಿ.

ಇಂತಿ,
ರೇವಣಪ್ಪ


ಸ್ಕೋಕಿ
27 ಮೇ 1999

ನೀಲಾ,

ಈ ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ. ನನಗೆ ಬಂದದ್ದು, ಹರಿದುಹಾಕು ಎಂದು ಹೇಳಿದ್ದು. ಮೊದಲು ಇದನ್ನು ಓದಿ ಆಮೇಲೆ ಅದನ್ನು ಓದು.

ಮೂರು ದಿನ ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಿದೆ. ನೀನು ಅವರಿಗೆ ಹೇಳಬೇಡ ಅನ್ನುತ್ತೀ, ಅವರು ನಿನಗೆ ಹೇಳಬೇಡ ಅನ್ನುತ್ತಾರೆ. ನಾನೇನು ನಿಮ್ಮಿಬ್ಬರ ಕಪಾಟೇ? ಕೊನೆಗೆ ನಮ್ಮವರನ್ನು ಹೆಸರು ಹೇಳದೆ ಕೇಳಿದೆ: “ಇಬ್ಬರು ನನ್ನ ನಂಬಿ ಇಟಗೋ ಅಂತ ಒಂದೊಂದು ಅಮಾನತ್ತು ಕೊಟ್ಟಾರ. ಎರಡನ್ನೂ ಕಾದ್ರ ಇಬ್ಬರೂ ಸಾಯ್ತಾರ. ಏನ್ ಮಾಡಬೇಕು?”

ದಾರ ಕಚ್ಚಿ ಹರಿದು ಹೇಳಿದರು: “ಅಮಾನತ್ತು ಇಟ್ಟವ್ರ ಸಲುವಾಗಿ ಅದನ್ನ ಕಾಯೂದು. ಅವರನ್ನ ಕೊಂದು ಅದನ್ನ ಉಳಸೂದಲ್ಲ.” ಆಮೇಲೆ ಕನ್ನಡಕ ತೆಗೆದು, “ನೀಲಕ್ಕನ ಕಾಲು ಹೆಂಗದ?” ಅಂದರು.

ತಡೆಯಲಾಗಲಿಲ್ಲ. ಕಾಲು ಮುರಿದಿಲ್ಲ ಅಂದೆ. ಎಲ್ಲ ಹೇಳಿದೆ. ಲಿಂಗದ ವಿಷಯ ಬಿಟ್ಟು. ಬೈಯುತ್ತಾರೆ ಎಂದು ಕಾಯ್ದೆ. “ಎರಡು ತಿಂಗಳ ಆತು, ಐದೂ ಹೊತ್ತು ಆಕಿ ಕಾಲಿಗೆ ದುವಾ ಮಾಡೀನಿ. ಅದೆಲ್ಲಾ ಎಲ್ಲಿ ಹೋತು?” ಅಂದರು.

ಈಗ ಅವರ ಕಾಗದ ಓದು. ನಾನು ಮಾಡುತ್ತಿರುವುದು ದ್ರೋಹವೋ, ಏನೋ. ನಿನಗೆ ನನ್ನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡ. ಆದರೆ ಹಣೆ ಆನಿಸಿ ಕೂತಾಗ ಒಮ್ಮೆ ಹಿಂದೆ ತಿರುಗಿ ನೋಡು.

ಬದ್ರು


ಆಬರ್ನ್ ಹಿಲ್ಸ್
20 ಜೂನ್ 1999

ಪ್ರೀತಿಯ ಬದ್ರೂ,

ಮೊದಲು ನಿನ್ನ ಮೇಲೆ ಸಿಟ್ಟೇ ಬಂತು. ಆಮೇಲೆ ಇವರ ಮೇಲೆ. ಮೂರನೆಯದಾಗಿ ನನ್ನ ಮೇಲೆ ಬಂತು, ಅದು ಇನ್ನೂ ಪೂರ್ತಿ ಹೋಗಿಲ್ಲ.

ಮದುವೆಯ ಮಾತು ಮೊದಲು ಹೇಳಿಬಿಡುತ್ತೇನೆ. ಸಂಬಂಧ ನಿಂತುಹೋಯಿತು. ನಾವಿಬ್ಬರೂ ಕೂತು ಶಾಂಭವಿಗೆ ಹೇಳಿದೆವು. “ಐ ವುಡ್ ಹ್ಯಾವ್ ಡ್ರೈವನ್ ಯೂ, ಅಮ್ಮಾ” ಎಂದು ಅದೊಂದನ್ನೇ ನಾಲ್ಕು ಸಲ ಹೇಳಿ ಅತ್ತಳು. ಮರುದಿನ ತಾನೇ ಕಲ್ಮೇಶನಿಗೆ ತಿಳಿಸಿದಳು. ಒಂದು ವಾರದ ಮೇಲೆ ಅನುಸೂಯಮ್ಮನ ಫೋನು. “ಊರಾಗ ನಮ್ಮ ಹಿರೇರು ಈ ವರ್ಷ ಬ್ಯಾಡ ಅಂತಾರ್ರಿ” ಅಂದಳು. ರೋಗದ ಹೆಸರು ಎತ್ತಲಿಲ್ಲ. ಕಾಲು ಹೇಗಿದೆ ಎಂದೂ ಕೇಳಲಿಲ್ಲ. ನನ್ನ ಮಾನ ಕಾಯ್ದಳೋ, ಮುಖಕ್ಕೆ ಬಾಗಿಲು ಹಾಕಿದಳೋ ಇನ್ನೂ ತಿಳಿದಿಲ್ಲ. ಹುಡುಗ ಈಗಲೂ ಶಾಂಭವಿಗೆ ಫೋನ್ ಮಾಡುತ್ತಾನೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ. ಏನು ಮಾತೋ, ನಾನು ಕೇಳುವುದಿಲ್ಲ.

ನೀನು ಲಿಂಗ ಕಟ್ಟಿಕೊಂಡಿದ್ದ ವಿಷಯವನ್ನು ಮಾತ್ರ ಇವರಿಗೂ ಹೇಳಿಲ್ಲ. ಹೇಳಬಾರದೆಂದು ಅಲ್ಲ. ಅದು ನಮ್ಮಿಬ್ಬರದು ಎನ್ನಿಸಿತು. ಹೊಸದು ಕಟ್ಟಿಸಿಕೊಂಡಿಲ್ಲ.

ನಿನ್ನ ಕಾಗದ ಬಂದ ದಿನ ಇವರಿಗೆ ಏನೂ ಅನ್ನಲಿಲ್ಲ. ಚಪಾತಿ ಬಡಿಸಿದೆ, ಉಂಡರು. ಮರುದಿನ ಆಸ್ಪತ್ರೆಯಿಂದ ಹೊರಗೆ ಬಂದು ನನ್ನ ಕಾರಿನ ಹತ್ತಿರ ಹೋಗದೆ ನೇರ ಮೂರನೆಯ ಸಾಲಿಗೆ ನಡೆದೆ. ಇವರು ಕಾರಿನೊಳಗೆ ಡಬ್ಬಿ ತೆರೆದುಕೊಂಡು ಊಟ ಮಾಡುತ್ತಿದ್ದರು. ನಾನು ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿ. ನನ್ನನ್ನು ನೋಡಿ ಕೈಯಲ್ಲಿದ್ದ ತುತ್ತನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತರು. ನಾನು ಈಚೆ ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಜನ ಬರುತ್ತಿದ್ದರು, ಹೋಗುತ್ತಿದ್ದರು.

ಬದ್ರೂ, ಒಳಗೆ ನರ್ಸುಗಳು ದಿನಾ ಕೇಳುತ್ತಿದ್ದರು, ನೋವು ಒಂದರಿಂದ ಹತ್ತರೊಳಗೆ ಎಷ್ಟು ಎಂದು. ನಾನು ದಿನಾ ಎರಡು ಅನ್ನುತ್ತಿದ್ದೆ. ಇವರು ಗಾಜಿನ ಹೊರಗೆ ನೋಡುತ್ತಾ ಕೇಳಿದರು:

“ಭಾಳ ನೋಯ್ತದೇನು?”

“ಭಾಳ ನೋಯ್ತದ” ಅಂದೆ.

ನಿನ್ನ,
ನೀಲಾ